ಮುಡಿ

ಹಾವನೂರು ಸರ್ಕಲ್ಲಿನ ಹತ್ತಿರ ಸಿರಿಧಾನ್ಯದ ಅಂಗಡಿಯೊಂದಿದೆ. "ರಾಜಮುಡಿ ಹೇಗಪ್ಪಾ?" ಎಂದು ಕೇಳಿದರೆ ಅಲ್ಲಿನ ಹುಡುಗ ಫೋನಿನಿಂದ ತಲೆ ಎತ್ತದೆ ಕಿಲೋ ಲೆಕ್ಕದಲ್ಲಿ ಬೆಲೆ ಹೇಳುತ್ತಾನೆ. ಕೆಂಪು ಛಾಯೆಯ ಒಳ್ಳೆಯ ಅಕ್ಕಿ. ಒಡೆಯರ ಕಾಲದಲ್ಲಿ ಕಂದಾಯದ ಬದಲು ಇದನ್ನೇ ಅಳೆದುಕೊಡುತ್ತಿದ್ದರೆಂದು ಪೊಟ್ಟಣದ ಮೇಲೆ ಅಚ್ಚು ಹಾಕಿಸಿದ್ದಾರೆ. ನನಗೆ ಆ ಪ್ರಶ್ನೆ ಕೇಳುವುದೇ ಒಂದು ಖುಷಿ. ಯಾಕೆಂದರೆ ರಾಜಮುಡಿ ಎನ್ನುವುದು ಮೇಲುಕೋಟೆಯ ಚೆಲುವನಾರಾಯಣನ ಒಂದು ಕಿರೀಟದ ಹೆಸರೂ ಹೌದು. ಕಿರೀಟವನ್ನು ಕಿಲೋ ಲೆಕ್ಕದಲ್ಲಿ ವಿಚಾರಿಸಿ, ಎರಡು ಕಿಲೋ ಕಟ್ಟಿಸಿಕೊಂಡು, ಬಟ್ಟೆಚೀಲಕ್ಕೆ ಹಾಕಿಕೊಂಡು ಬಸವೇಶ್ವರನಗರದ ಫುಟ್‌ಪಾತಿನಲ್ಲಿ ನಡೆದು ಬರುವ ಹೆಂಗಸು ನಾನೊಬ್ಬಳೇ ಇರಬೇಕು.

ನನಗೆ ಕಿರೀಟಗಳ ಹುಚ್ಚು. ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ವಯಸ್ಸೇನಲ್ಲ ಇದು. ಬ್ಯಾಂಕಿನಿಂದ ನಿವೃತ್ತಳಾಗಿ ಆರು ವರ್ಷವಾಯಿತು, ಮೆಟ್ಟಿಲು ಹತ್ತುವಾಗ ಮೊಣಕಾಲು ಮಾತಾಡುತ್ತದೆ. ನನ್ನ ಓರಗೆಯವರು ಮಧ್ಯಾಹ್ನ ಧಾರಾವಾಹಿ ನೋಡುವ ಹೊತ್ತಿಗೆ ನಾನು ಫೋನಿನಲ್ಲಿ ಜಿನೀವಾದ ಹರಾಜು ನೋಡುತ್ತಿರುತ್ತೇನೆ. ಯಾವುದೋ ರಾಣಿಯ ಮೊಮ್ಮಗಳ ಟಿಯಾರಾ ಕಪ್ಪು ಮಖಮಲ್ಲಿನ ಮೇಲೆ ಕೂತಿರುತ್ತದೆ. ಬಿಳಿ ಕೈಗವಸಿನ ಕೈಯೊಂದು ಅದನ್ನು ಹೆತ್ತ ಕೂಸಿನ ಹಾಗೆ ಎತ್ತಿ ತಿರುಗಿಸುತ್ತದೆ. ಟಿಯಾರಾಕ್ಕೆ ಕನ್ನಡದಲ್ಲಿ ಹೆಸರಿಲ್ಲ. ಅದು ಪೂರ್ತಿ ಕಿರೀಟವೂ ಅಲ್ಲ, ಬೈತಲೆಬೊಟ್ಟೂ ಅಲ್ಲ. ಬಾಚಣಿಗೆಯನ್ನು ತಲೆಕೆಳಗಾಗಿ ಮುಡಿದ ಹಾಗಿರುತ್ತದೆ. ಬೆಲೆ ಕೂಗುವವನು ಲಕ್ಷ, ಹತ್ತು ಲಕ್ಷ ಫ್ರಾಂಕ್ ಎನ್ನುತ್ತಾನೆ. ನಾನು ಅವರೆಕಾಳು ಸುಲಿಯುತ್ತ ಕೇಳುತ್ತೇನೆ. ಕಾಸು ಬಿಚ್ಚದೆ ಇಷ್ಟು ಸುಖ ಕೊಡುವ ಚಟ ಇನ್ನೊಂದಿಲ್ಲ.

ಇದರ ಮೂಲ ಹುಡುಕಿದರೆ 'ಬಭ್ರುವಾಹನ'ದ ರಾಜ್‌ಕುಮಾರ್ ಸಿಗುತ್ತಾರೆ. ರಾಜಾಜಿನಗರದ ಟಾಕೀಸಿನಲ್ಲಿ, ಬೆಂಚಿನ ಮೇಲೆ ಅಣ್ಣನ ಪಕ್ಕ ಕೂತು ನೋಡಿದ ಆ ಕಿರೀಟ ರಟ್ಟಿನದು, ಗಿಲೀಟಿನದು ಎಂದು ಯಾರೂ ನನಗೆ ಹೇಳಲಿಲ್ಲ. ಹೇಳಿದ್ದರೂ ನಂಬುತ್ತಿರಲಿಲ್ಲ. ಆದರೆ ಹುಚ್ಚು ನಿಜವಾಗಿ ಹಿಡಿದದ್ದು ಕೆಲಸಕ್ಕೆ ಸೇರಿದ ಮೇಲೆ, ಚಿನ್ನದ ಸಾಲದ ವಿಭಾಗದಲ್ಲಿ. ಶಾಖೆ ಯಾವುದೆಂದು ಹೇಳುವುದು ಬೇಡ. ಮಾಗಡಿ ರಸ್ತೆಗೂ ಮೈಸೂರು ರಸ್ತೆಗೂ ನಡುವೆ ಎಲ್ಲೋ ಇತ್ತು ಅಂತಿಟ್ಟುಕೊಳ್ಳಿ.

ಅಲ್ಲಿ ನಮ್ಮ ಆಚಾರ್ರು ಕೂರುತ್ತಿದ್ದರು. ಚಿನ್ನ ಪರೀಕ್ಷಿಸುವ ಅಕ್ಕಸಾಲಿಗರು. ಅವರ ಮೇಜಿನ ಮೇಲೆ ಬೆರಳುದ್ದದ ಕರಿ ಒರೆಗಲ್ಲು, ಆಸಿಡ್ಡಿನ ಸೀಸೆ, ಗಾಜಿನ ಡಬ್ಬಿಯೊಳಗೆ ತಕ್ಕಡಿ, ಮಸಿ ಹಿಡಿದ ಒಂದು ಭೂತಗನ್ನಡಿ. ಹೆಂಗಸೊಬ್ಬಳು ಸೆರಗಿನ ಗಂಟು ಬಿಚ್ಚಿ ಒಡವೆ ಇಟ್ಟರೆ ಆಚಾರ್ರು ಅದನ್ನು ಮೊದಲು ಅಂಗೈಯಲ್ಲಿ ಒಮ್ಮೆ ಕುಣಿಸುತ್ತಿದ್ದರು. ಅಷ್ಟರಲ್ಲೇ ತೂಕ ಹೇಳಿಬಿಡುತ್ತಿದ್ದರು. ತಕ್ಕಡಿ ಆಮೇಲೆ ಹೂಂಗುಟ್ಟುತ್ತಿತ್ತು. ನಂತರ ಒಡವೆಯ ಹಿಂಬದಿಯ ಮೂಲೆಯನ್ನು ಕಲ್ಲಿಗೆ ಒಮ್ಮೆ ಎಳೆಯುವುದು, ಪಕ್ಕದಲ್ಲಿ ಗೊತ್ತಿರುವ ಚಿನ್ನದ ಕಡ್ಡಿಯಿಂದ ಇನ್ನೊಂದು ಗೆರೆ, ಎರಡರ ಮೇಲೂ ಆಸಿಡ್ಡಿನ ಹನಿ. ಯಾವ ಗೆರೆ ನಿಲ್ಲುತ್ತದೆ, ಯಾವುದು ಮಾಸುತ್ತದೆ ಎಂದು ಉಸಿರು ಹಿಡಿದು ನೋಡುವುದು. ಒಡವೆಯ ಯಜಮಾನಿಯೂ ಉಸಿರು ಹಿಡಿದಿರುತ್ತಿದ್ದಳು. ಕೊನೆಗೆ ಆಚಾರ್ರು ಒಂದು ಚೀಟಿಯಲ್ಲಿ ಬರೆಯುತ್ತಿದ್ದರು: ಒಟ್ಟು ತೂಕ ಇಷ್ಟು, ಕಲ್ಲು ಕಳೆದು, ಅರಗು ಕಳೆದು, ನಿವ್ವಳ ಇಷ್ಟು.

ಕಲ್ಲು ಕಳೆದು ಎಂಬ ಮಾತು ಮೊದಮೊದಲು ನನಗೆ ಚುಚ್ಚುತ್ತಿತ್ತು. ಕೆಂಪಿರಲಿ, ಪಚ್ಚೆಯಿರಲಿ, ವಜ್ರವೇ ಇರಲಿ, ಬ್ಯಾಂಕಿನ ಲೆಕ್ಕದಲ್ಲಿ ಅದು ಕಸ. ಹಳೆಯ ಒಡವೆಗಳು ಒಳಗೆ ಟೊಳ್ಳು. ತೆಳು ತಗಡಿನೊಳಗೆ ಅರಗು ತುಂಬಿ ಮೇಲೆ ಕಲ್ಲು ಕೂರಿಸಿರುತ್ತಾರೆ. ನೋಡಲು ರಾಜಠೀವಿ, ನಿವ್ವಳಕ್ಕೆ ಬಂದರೆ ಏನೂ ಇಲ್ಲ. ರಾಜಮನೆತನದವರ ತುರಾಯಿಗಳೂ ಇದೇ ಕಸುಬಿನವು. 2019ರ ಜೂನ್ 19ರಂದು ನ್ಯೂಯಾರ್ಕಿನ ಕ್ರಿಸ್ಟೀಸ್‌ನಲ್ಲಿ ನಮ್ಮ ಮಹಾರಾಜರ, ಮೊಗಲರ ಒಡವೆ ವಸ್ತುಗಳು ಹರಾಜಾಗಿ ಒಟ್ಟು 10 ಕೋಟಿ 90 ಲಕ್ಷ ಡಾಲರ್ ಬಂತು. ಮಾರನೆಯ ದಿನ ಆಚಾರ್ರಿಗೆ ಫೋನಿನಲ್ಲಿ ಒಂದು ತುರಾಯಿಯ ಚಿತ್ರ ತೋರಿಸಿದೆ. ಅವರು ಕನ್ನಡಕ ಮೇಲೆ ಸರಿಸಿ ನೋಡಿದರು. "ಕೆಲಸ ಭಾರೀ ಚೆನ್ನಾಗಿದೆ. ಅರಗು ತೆಗೆದರೆ ಮೂವತ್ತೆಂಟು ಗ್ರಾಂ ನಿಲ್ಲಬಹುದು" ಎಂದರು. ಅವರು ಮದುವೆ ಮನೆಗಳಲ್ಲೂ ಹೀಗೇ. ಎಲ್ಲರೂ ಅಕ್ಷತೆ ಹಾಕುವಾಗ ಇವರು ಹೆಣ್ಣಿನ ಕೊರಳು ನೋಡಿ "ನೂರಾ ಹದಿನೈದು" ಎಂದು ಗೊಣಗುತ್ತಿದ್ದರು. ಹೆಂಡತಿ ಮೊಣಕೈಯಲ್ಲಿ ತಿವಿಯುತ್ತಿದ್ದರು.

ನಮ್ಮಲ್ಲೂ ಹರಾಜು ಇತ್ತು. ಜಿನೀವಾದ ಹಾಗೆ ಸುತ್ತಿಗೆಯಿಲ್ಲ, ಮಖಮಲ್ಲಿಲ್ಲ. ಬಿಡಿಸಿಕೊಳ್ಳದ ಒಡವೆಗಳ ಖಾತೆ ಸಂಖ್ಯೆಗಳನ್ನು ಪತ್ರಿಕೆಯಲ್ಲಿ ಇರುವೆ ಸಾಲಿನ ಅಕ್ಷರದಲ್ಲಿ ಹಾಕಿಸುತ್ತಿದ್ದರು. ಆ ದಿನ ನಗರ್ತಪೇಟೆ ಕಡೆಯ ಮೂರು ನಾಲ್ಕು ಜನ ಬಂದು ಮ್ಯಾನೇಜರ್ ಕೋಣೆಯಲ್ಲಿ ಟೀ ಕುಡಿಯುತ್ತ ಗ್ರಾಮಿಗೆ ಇಷ್ಟು ಎಂದು ಕೂಗಿ, ಎಲ್ಲವನ್ನೂ ಒಟ್ಟಿಗೆ ಚೀಲಕ್ಕೆ ಸುರಿದುಕೊಂಡು ಹೋಗುತ್ತಿದ್ದರು. ಕಾಮಾಕ್ಷಿಪಾಳ್ಯದಲ್ಲಿ ಹೂ ಮಾರುತ್ತಿದ್ದ ಒಬ್ಬಾಕೆಯ ಬೈತಲೆಬೊಟ್ಟು ಒಂದು ವರ್ಷ ಹಾಗೆ ಹೋಯಿತು. ಅಡವಿಡುವ ದಿನ ಅವಳು ಅದನ್ನು ಕೌಂಟರಿನ ಮೇಲಿಟ್ಟು, "ಮೂರು ತಲೆಮಾರಿನ ಮದುವೆ ನೋಡೈತೆ ಕಣಕ್ಕಾ ಇದು" ಎಂದಿದ್ದಳು. ಮಧ್ಯೆ ಒಂದು ಕೆಂಪು, ಸುತ್ತ ಎಂಟು ಮುತ್ತು. ಒಂದು ಮುತ್ತು ಉದುರಿ ಆ ಜಾಗದಲ್ಲಿ ಅರಗು ಇಣುಕುತ್ತಿತ್ತು. ನಾನು ಅರ್ಜಿ ತುಂಬಿದೆ. ಅದರಲ್ಲಿ ಮೂರು ತಲೆಮಾರು ಬರೆಯುವ ಕಾಲಂ ಇರಲಿಲ್ಲ. ಎರಡು ನೋಟಿಸು ಕಳಿಸಿದೆ, ಎರಡೂ ವಿಳಾಸದಾರರಿಲ್ಲ ಎಂದು ವಾಪಸು ಬಂದವು. ಸಿಬ್ಬಂದಿ ಹರಾಜಿನಲ್ಲಿ ಕೂಗುವಂತಿಲ್ಲ. ಕೂಗಬಹುದಾಗಿದ್ದರೆ ಕೂಗುತ್ತಿದ್ದೆನೇ ಎಂದು ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಉತ್ತರ ದಿನಕ್ಕೊಂದು ಥರ ಬರುತ್ತದೆ.

ದೊಡ್ಡ ಹರಾಜುಗಳಲ್ಲಿ ಮಾರಾಟವಾಗುವುದೇ ಆ ಕಾಲಂ. ಯಾರ ತಲೆಯ ಮೇಲಿತ್ತು, ಯಾವ ಯುದ್ಧದಲ್ಲಿ ಯಾರ ಕೈ ಸೇರಿತು, ಯಾವ ಮದುವೆಯಲ್ಲಿ ಕೊಟ್ಟರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಅದರ ಕಟಾಂಜನದ ಮೇಲಿದ್ದ ಮುಷ್ಟಿಯಷ್ಟು ದೊಡ್ಡ ಹುಲಿಮುಖವೊಂದು 2009ರಲ್ಲಿ ಲಂಡನ್ನಿನ ಬಾನಮ್ಸ್‌ನಲ್ಲಿ 3,89,600 ಪೌಂಡಿಗೆ ಹೋಯಿತು. ನಿವ್ವಳ ತೂಕ ಕಟ್ಟಿದರೆ ಆ ದುಡ್ಡಿನ ಮೂಲೆಗೂ ಸಾಲದು. ಅದೇ ಸಿಂಹಾಸನದ ಛತ್ರಿಯ ಮೇಲೆ ಕೂತಿದ್ದ ಹುಮಾ ಹಕ್ಕಿ ಈಗ ಇಂಗ್ಲೆಂಡಿನ ಅರಸರ ಸಂಗ್ರಹದಲ್ಲಿದೆ. ಚಿನ್ನದ ಮೈ, ವಜ್ರ, ಮಾಣಿಕ್ಯ, ಪಚ್ಚೆ. ಕೊಕ್ಕಿನಲ್ಲಿ ಜೋತ ಒಂದು ಕಲ್ಲು. ಆ ಹಕ್ಕಿಯ ನೆರಳು ಯಾರ ತಲೆಯ ಮೇಲೆ ಬೀಳುತ್ತದೋ ಅವರಿಗೆ ಕಿರೀಟ ಒದಗುತ್ತದೆ ಎಂಬುದು ಹಳೆಯ ನಂಬಿಕೆ. ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜನಿಗೆ ಅದನ್ನು ಕೊಟ್ಟಾಗ ಅವನ ತಲೆಯ ಮೇಲೆ ಆಗಲೇ ಒಂದು ಕಿರೀಟವಿತ್ತು. ನೆರಳು ಬೇಕಾಗಿದ್ದವರು ಬೇರೆ ಎಷ್ಟೋ ಜನ ಇದ್ದರು.

ಲಂಡನ್ನಿನಲ್ಲಿರುವ ಮಗಳ ಬಾಣಂತನಕ್ಕೆ ಹೋದಾಗ ನನ್ನ ಹುಚ್ಚಿಗೆ ಮೂರು ತಿಂಗಳ ರಜೆ ಸಿಕ್ಕಿತು. ವಿಕ್ಟೋರಿಯಾ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ವಿಕ್ಟೋರಿಯಾ ರಾಣಿಯ ನೀಲಮಣಿಯ ಪುಟ್ಟ ಕಿರೀಟ ಇದೆ. ಗಂಡ ಆಲ್ಬರ್ಟ್ ಅವರ ಮದುವೆಯ ವರ್ಷ, 1840ರಲ್ಲಿ, ತಾನೇ ನಕ್ಷೆ ಬರೆದು ಮಾಡಿಸಿಕೊಟ್ಟದ್ದು. ಅದೇ ಕಟ್ಟಡದಲ್ಲಿ ಟಿಪ್ಪುವಿನ ಮರದ ಹುಲಿಯೂ ಬಿಳಿಯನ ಮೇಲೆ ಕೂತಿದೆ. ಟಿಕೆಟ್ಟಿಲ್ಲ. ನಾನು ನಾಲ್ಕು ಸಲ ಹೋದೆ. ಮಗಳು ಮೊಮ್ಮಗನನ್ನು ಎತ್ತಿಕೊಂಡು "ಅಮ್ಮ, ನೀನು ಬಂದದ್ದು ಯಾರ ಬಾಣಂತನಕ್ಕೆ?" ಎಂದಳು.

ಟವರ್ ಆಫ್ ಲಂಡನ್ನಿನ ಕಥೆ ಬೇರೆ. ಕೊಹಿನೂರ್ ಇರುವ ಕಿರೀಟದ ಸಾಲಿನ ಮುಂದೆ ನಿಲ್ಲುವ ಹಾಗಿಲ್ಲ, ನೆಲವೇ ಚಲಿಸುತ್ತದೆ. ವಿಮಾನ ನಿಲ್ದಾಣದಲ್ಲಿರುವಂಥ ಪಟ್ಟಿ ನಮ್ಮನ್ನು ಹೊತ್ತು ಸಾಗಿಸಿಬಿಡುತ್ತದೆ. ತಿರುಪತಿಯಲ್ಲಿ 'ಜರಗಂಡಿ' ಎನ್ನಲು ಮನುಷ್ಯರಾದರೂ ಇದ್ದಾರೆ, ಹೆಗಲು ಹಿಡಿದು ಎಳೆದರೆ ತಿರುಗಿ ಗುರುಗುಟ್ಟಬಹುದು. ನೆಲವೇ ಜರಗಂಡಿ ಎಂದರೆ ಯಾರ ಜತೆ ಜಗಳ? ಮೂರು ಸಲ ಸುತ್ತಿ ಬಂದು ಹತ್ತಿದೆ. ಮೂರನೆಯ ಸಲ ಕಾವಲಿನವನು ನಕ್ಕ.

ಕೊಹಿನೂರ್ ನೋಡಿ ನಿರಾಸೆಯಾಗುವುದು ಹೊಸದೇನಲ್ಲ. 1851ರಲ್ಲಿ ಲಂಡನ್ನಿನ ಗಾಜಿನ ಅರಮನೆಯ ಮಹಾ ಪ್ರದರ್ಶನದಲ್ಲಿ ಅದನ್ನಿಟ್ಟಾಗ ಜನ ಮುಗಿಬಿದ್ದು ಬಂದರು, ಮುಖ ಸಿಂಡರಿಸಿ ಹೋದರು. ಹೊಳೆಯುವುದಿಲ್ಲ, ಗಾಜಿನ ಚೂರಿನ ಹಾಗಿದೆ ಎಂದರು. ಗ್ಯಾಸ್ ದೀಪ ಹಚ್ಚಿ, ಸುತ್ತ ಮರೆ ಕಟ್ಟಿ ನೋಡಿದರು. ಆಗಲೂ ಅದು ಅವರು ಹೇಳಿದ ಹಾಗೆ ಕೇಳಲಿಲ್ಲ. ಮರುವರ್ಷ ಅದನ್ನು ಕತ್ತರಿಸಲು ಕೂತರು. 186 ಕ್ಯಾರೆಟ್ಟಿನ ಕಲ್ಲು 105.6ಕ್ಕೆ ಇಳಿಯಿತು. ಆಚಾರ್ರಿಗೆ ಇದನ್ನು ಹೇಳಿದಾಗ ಅವರಿಗೆ ನಿಜವಾಗಿ ಸಂಕಟವಾಯಿತು. "ಪುಡಿ ಎಲ್ಲಿ ಹೋಯ್ತಂತೆ?" ಎಂದು ಕೇಳಿದರು. ಅಕ್ಕಸಾಲಿಗರ ಮನೆಯಲ್ಲಿ ಗುಡಿಸಿದ ಕಸವನ್ನೂ ತೊಳೆದು ಚಿನ್ನ ತೆಗೆಯುತ್ತಾರೆ. ಎಂಬತ್ತು ಕ್ಯಾರೆಟ್ ಸವೆಸಿ ಹಾಕಿದವರ ಬಗ್ಗೆ ಅವರಿಗೆ ಯಾವ ಗೌರವವೂ ಉಳಿಯಲಿಲ್ಲ.

ಆದರೆ ನಿಜಾಮರ ಟಿಯಾರಾದ ಕಥೆ ಕೇಳಿ ನಕ್ಕರು. 1947ರಲ್ಲಿ ಎಲಿಜಬೆತ್ ಮದುವೆಗೆ ಹೈದರಾಬಾದಿನ ನಿಜಾಮರು ಕಾರ್ಟಿಯೇ ಅಂಗಡಿಯಿಂದ ಬೇಕಾದ್ದು ಆರಿಸಿಕೊಳ್ಳಲು ಹೇಳಿ ಟಿಯಾರಾ, ಕಂಠಹಾರ ಉಡುಗೊರೆ ಕೊಟ್ಟರು. 1973ರಲ್ಲಿ ರಾಣಿ ಆ ಟಿಯಾರಾವನ್ನು ಬಿಚ್ಚಿಸಿ, ಅದರ ವಜ್ರಗಳಿಗೆ ಬರ್ಮಾದ ಮಾಣಿಕ್ಯ ಸೇರಿಸಿ ಬೇರೆ ಟಿಯಾರಾ ಮಾಡಿಸಿಕೊಂಡರು. "ಹಾಗಿದ್ರೆ ನಮ್ಮ ರಾಜಾಜಿನಗರದ ಹೆಂಗಸರ ಥರಾನೇ ಬಿಡಿ" ಎಂದರು ಆಚಾರ್ರು. ಹಳೆಯದನ್ನು ಕೊಟ್ಟು ಹೊಸ ಡಿಸೈನ್ ಮಾಡಿಸದ ಮನೆ ಇಲ್ಲಿ ಯಾವುದಿದೆ?

ರಾಜಾಜಿನಗರ ಎಂದಾಗ ನೆನಪಾಯಿತು. 1949ರಲ್ಲಿ ಈ ಕೈಗಾರಿಕಾ ಉಪನಗರಕ್ಕೆ ಅಡಿಗಲ್ಲು ಬಿದ್ದಾಗ ರಾಜಾಜಿಯವರು ಗವರ್ನರ್ ಜನರಲ್. ಅಂದರೆ ಕಾಗದದ ಮೇಲೆ ಇನ್ನೂ ಬ್ರಿಟಿಷ್ ಕಿರೀಟದ ಪ್ರತಿನಿಧಿ. ಆ ಕುರ್ಚಿಯಲ್ಲಿ ಕೂತ ಕೊನೆಯವರು, ಒಬ್ಬರೇ ಭಾರತೀಯರು. ಖಾದಿ ಪಂಚೆ, ಕಪ್ಪು ಕನ್ನಡಕ, ಬೋಳುತಲೆ. ಕಿರೀಟ ಇಳಿದು ಹೋಗುವಾಗ ಕೊನೆಗೆ ಕೂತದ್ದು ಅಂಥ ತಲೆಯ ಮೇಲೆ, ಆ ಹೆಸರು ಉಳಿದದ್ದು ನಮ್ಮ ಬಸ್ಸಿನ ಬೋರ್ಡಿನ ಮೇಲೆ. ಪಕ್ಕದ ವಿಜಯನಗರದ ಹೆಸರಿನ ಹಿಂದೆಯೂ ಇಂಥದೇ ಒಂದು ತಲೆ. ಕೃಷ್ಣದೇವರಾಯ 1513ರ ಫೆಬ್ರವರಿ 10ರಂದು ತಿರುಮಲೆಗೆ ಹೋಗಿ ವೆಂಕಟೇಶನಿಗೆ ರತ್ನದ ಕಿರೀಟ ಒಪ್ಪಿಸಿದ. ಅಲ್ಲೇ, ದೇವಸ್ಥಾನದ ಬಾಗಿಲ ಹತ್ತಿರ, ಇಬ್ಬರು ರಾಣಿಯರ ನಡುವೆ ಕೈಮುಗಿದು ನಿಂತ ಅವನ ಲೋಹದ ಪ್ರತಿಮೆಯಿದೆ. ತಲೆಯ ಮೇಲೆ ಏನಿದೆ ನೋಡಿದ್ದೀರಾ? ಬಟ್ಟೆಯ ಕುಲ್ಲಾಯಿ. ಎತ್ತರದ್ದು, ಜರತಾರಿಯದ್ದೇ ಇರಬಹುದು, ಆದರೂ ಬಟ್ಟೆ. ಮೈಸೂರಿನ ಒಡೆಯರೂ ಹಾಗೇ. ರೇಷ್ಮೆಯ ಪೇಟ ಸುತ್ತಿಕೊಂಡರೇ ಹೊರತು ಯೂರೋಪಿನ ರಾಜರ ಹಾಗೆ ಗಟ್ಟಿ ಕಿರೀಟ ಹೊರಲಿಲ್ಲ. ಗಟ್ಟಿ ಕಿರೀಟ ದೇವರಿಗೆ, ಇಲ್ಲವೆ ನಾಟಕದವರಿಗೆ. ಮಿಕ್ಕವರಿಗೆಲ್ಲ ಮದುವೆಯ ದಿನ ಒಂದು ಬೆಂಡಿನ ಬಾಸಿಂಗ, ಅದೂ ಮೂರು ದಿನಕ್ಕೆ ಗೋಡೆಯ ಮೊಳೆಗೆ.

ತಿರುಮಲೆಗೆ ನಾವೂ ಮುಡಿ ಕೊಡುತ್ತೇವೆ. ರಾಯ ಕೊಟ್ಟ ಮುಡಿ ಕಿರೀಟ, ನಾವು ಕೊಡುವ ಮುಡಿ ಕೂದಲು; ಭಾಷೆ ಎರಡನ್ನೂ ಒಂದೇ ಮಾತಿನಲ್ಲಿ ಕಟ್ಟಿಟ್ಟಿದೆ. ಹೂ ಮುಡಿಯುವುದೂ ಅದೇ, ಹರಕೆಗೆಂದು ಎತ್ತಿಡುವ ಮುಡಿಪೂ ಅದರ ಪಕ್ಕದ ಮನೆಯದೇ. ಮತ್ತೆ ಆ ಕೂದಲನ್ನು ದೇವಸ್ಥಾನದವರು ಉದ್ದದ ಪ್ರಕಾರ ಬೇರೆ ಮಾಡಿ ಹರಾಜು ಹಾಕುತ್ತಾರೆ, ಕೋಟಿಗಟ್ಟಲೆ ದುಡ್ಡಿಗೆ. ಎಲ್ಲಾ ಹರಾಜಿನ ಸುದ್ದಿಯನ್ನೂ ಹಿಂಬಾಲಿಸುವ ನಾನು ಅದನ್ನು ಮಾತ್ರ ಬಹಳ ವರ್ಷ ಗಮನಿಸಿರಲಿಲ್ಲ. ನನ್ನ ಐದನೆಯ ವಯಸ್ಸಿನ ಕೂದಲೂ, ಅಮ್ಮ ಅಪ್ಪನ ಆಪರೇಷನ್ನಿಗೆ ಹರಕೆ ಹೊತ್ತು ಕೊಟ್ಟ ಸೊಂಟದುದ್ದದ ಜಡೆಯೂ ಹಾಗೇ ಯಾರದೋ ಕೂಗಿಗೆ ಹೋಗಿರಬೇಕು. ಅಲ್ಲೂ ಆ ಕಾಲಂ ಇಲ್ಲ. ಇಲ್ಲದಿರುವುದೇ ಸರಿ ಎನಿಸಿತು.

ರಾಜಮುಡಿ ಕೊಟ್ಟ ರಾಜ ಒಡೆಯರ ಬಗ್ಗೆ ನನಗೆ ಎರಡು ಮನಸ್ಸು. 1578ರಿಂದ 1617ರವರೆಗೆ ಆಳಿದವರು, 1610ರಲ್ಲಿ ಶ್ರೀರಂಗಪಟ್ಟಣ ಹಿಡಿದು ದಸರೆ ಶುರುಮಾಡಿದವರು. ಕಥೆಯ ಪ್ರಕಾರ ಅಲಮೇಲಮ್ಮನ ಒಡವೆಗಳನ್ನು ಕೇಳಿ ಕಳಿಸಿದವರೂ ಅವರೇ. ವಾರದಲ್ಲಿ ಎರಡು ದಿನ, ಮಂಗಳವಾರ ಶುಕ್ರವಾರ, ರಂಗನಾಯಕಿ ಅಮ್ಮನವರಿಗೆ ತೊಡಿಸಲು ಹೋಗುತ್ತಿದ್ದ ಒಡವೆ. ಮಿಕ್ಕ ದಿನ ಅಲಮೇಲಮ್ಮನ ಹತ್ತಿರ. ಅವಳು ಮುತ್ತಿನ ಮೂಗುತಿ ಕಳಿಸಿ, ಉಳಿದದ್ದನ್ನು ಮಡಿಲಲ್ಲಿ ಕಟ್ಟಿಕೊಂಡು ಮಾಲಂಗಿಯ ಮಡುವಿಗೆ ಹಾರಿದಳು. ಅವಳಿಟ್ಟ ಶಾಪ ಎಲ್ಲರಿಗೂ ಬಾಯಿಪಾಠ. ಅರಮನೆಯಲ್ಲಿ ಇಂದಿಗೂ ಅವಳ ವಿಗ್ರಹಕ್ಕೆ ಪೂಜೆಯಿದೆ. ಒಂದು ಹೆಂಗಸಿನಿಂದ ಒಡವೆ ಬಿಡಿಸಿಕೊಳ್ಳಲು ಹೋದ ಕೈಯೇ ದೇವರಿಗೆ ಕಿರೀಟ ಮಾಡಿಸಿತು. ಅದೇ ಮೇಲುಕೋಟೆಯ ಗರ್ಭಗುಡಿಗೆ ಹೋದ ರಾಜ ಒಡೆಯರು ಹೊರಗೆ ಬರಲೇ ಇಲ್ಲ, ದೇವರಲ್ಲೇ ಐಕ್ಯರಾದರು ಎನ್ನುತ್ತಾರೆ. ನನಗೆ ಮಾತ್ರ, ಬಾಗಿಲಲ್ಲಿ ಅಲಮೇಲಮ್ಮ ಕಾದು ನಿಂತಿದ್ದಳೇನೋ ಎಂದು ಅನುಮಾನ.

ಮೇಲುಕೋಟೆಯಲ್ಲಿ ರಾಜಮುಡಿಯಲ್ಲದೆ ಮುಮ್ಮಡಿ ಕೃಷ್ಣರಾಜ ಒಡೆಯರು ಕೊಟ್ಟ ಕೃಷ್ಣರಾಜಮುಡಿಯೂ ಇದೆ. ಇವೆರಡಕ್ಕೂ ಮೇಲಿನದು ವೈರಮುಡಿ. ಅದನ್ನು ಯಾವ ರಾಜನೂ ಮಾಡಿಸಿದ್ದಲ್ಲ. ವಿರೋಚನ ಕದ್ದೊಯ್ದದ್ದನ್ನು ಗರುಡ ಮರಳಿ ತಂದದ್ದು. ಚಿಕ್ಕವಳಿದ್ದಾಗ ವೈರ ಎಂದರೆ ಹಗೆತನ, ಇದು ಜಗಳ ತರುವ ಕಿರೀಟ ಎಂದುಕೊಂಡಿದ್ದೆ. ತಮಿಳಿನ ವೈರ ನಮ್ಮ ವಜ್ರ ಎಂದು ಆಮೇಲೆ ತಿಳಿಯಿತು. ಲಂಡನ್ನಿನದನ್ನು ನೋಡಿದ ಮೇಲೆ ಮೊದಲಿನ ಅರ್ಥವೂ ತಪ್ಪಲ್ಲ ಎನಿಸಿದೆ. ವರ್ಷವಿಡೀ ಅದು ಇರುವುದು ಮಂಡ್ಯದ ಜಿಲ್ಲಾ ಖಜಾನೆಯಲ್ಲಿ, ಸರ್ಕಾರಿ ಬೀಗದೊಳಗೆ. ಫಾಲ್ಗುಣದ ಪುಷ್ಯ ನಕ್ಷತ್ರದ ದಿನ ಪೆಟ್ಟಿಗೆಯಲ್ಲಿ ಹೊರಡುತ್ತದೆ. ಮುಂದೆ ಹಿಂದೆ ಪೊಲೀಸರು, ದಾರಿಯ ಊರೂರಲ್ಲಿ ಆರತಿ, ಶ್ರೀರಂಗಪಟ್ಟಣ, ಪಾಂಡವಪುರ ದಾಟಿ ಸಂಜೆಗೆ ಬೆಟ್ಟ. ದೇವರ ತಲೆಯ ಮೇಲಲ್ಲದೆ ಅದನ್ನು ಬರಿಗಣ್ಣಿನಲ್ಲಿ ನೋಡಬಾರದು ಎಂಬ ಕಟ್ಟಳೆ. ತೊಡಿಸುವ ಅರ್ಚಕರೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ತೊಡಿಸುತ್ತಾರಂತೆ. ಮಖಮಲ್ಲಿನ ಮೇಲಿಟ್ಟು ನಾಲ್ಕು ದಿಕ್ಕಿನಿಂದ ದೀಪ ಬಿಡುವ ಲೋಕದಲ್ಲಿ ಇಂಥ ಪ್ರದರ್ಶನ ಇನ್ನೊಂದಿಲ್ಲ.

ಕಳೆದ ಸಲ ಆಚಾರ್ರನ್ನೂ ಅವರ ಹೆಂಡತಿಯನ್ನೂ ಕರೆದುಕೊಂಡು ಹೋದೆ. ಅವರ ಮನೆ ಕೆಂಗೇರಿ ಉಪನಗರದಲ್ಲಿ. ವಿಜಯನಗರದಲ್ಲಿ ಮೆಟ್ರೋ ಹತ್ತಿ ಅಲ್ಲಿಗೆ ಹೋಗಿ, ಅಲ್ಲಿಂದ ಬಾಡಿಗೆ ಕಾರು. ದಾರಿಯುದ್ದಕ್ಕೂ ನನ್ನದು ಒಂದೇ ರಗಳೆ. "ಆಚಾರ್ರೇ, ನೀವು ಎಲ್ಲದರ ತೂಕ ಹೇಳ್ತೀರಿ. ಇದರದ್ದೂ ಹೇಳಬೇಕು." ಅವರು ಎಲೆ ಅಡಿಕೆ ಜಗಿಯುತ್ತ ಕಿಟಕಿ ನೋಡಿದರು.

ರಾತ್ರಿ ಎಂಟಾದ ಮೇಲೆ ಬೀದಿಯಲ್ಲಿ ಕಾಲಿಡಲು ಜಾಗವಿಲ್ಲ. ಚೌಕಟ್ಟಿನ ಹಾಗೆ ಕಟ್ಟಿದ ದೀಪಗಳು, ದೊಡ್ಡ ಪರದೆ, ಅದರ ಮೇಲೆ ಅದೇ ದೇವರು. ಪರದೆಯನ್ನು ಯಾರೂ ನೋಡುತ್ತಿರಲಿಲ್ಲ. ದೀವಟಿಗೆಯ ಎಣ್ಣೆ ವಾಸನೆ ಮೊದಲು ಬಂತು. ಆಮೇಲೆ ನಾದಸ್ವರ. ಆಮೇಲೆ ಜನ ಒಂದೇ ಸಲ ಕೈ ಎತ್ತಿದ ಸದ್ದು. ಕೈ ಎತ್ತಿದರೂ ಸದ್ದಾಗುತ್ತದೆ ಎಂದು ಅಲ್ಲೇ ಗೊತ್ತಾದದ್ದು. ಗರುಡನ ಮೇಲೆ ಶ್ರೀದೇವಿ ಭೂದೇವಿಯರ ನಡುವೆ ಅವನು ಬಂದ. ಹೆಗಲು ಕೊಟ್ಟವರು ಹೆಜ್ಜೆ ಹಾಕಿದಂತೆ ಗರುಡ ಎಡಕ್ಕೆ ಒಲೆದ, ಬಲಕ್ಕೆ ಒಲೆದ. ಹೂವಿನ ರಾಶಿಯೊಳಗಿಂದ, ಒಲೆದಾಗಲೆಲ್ಲ, ಯಾವುದೋ ಒಂದು ಕಲ್ಲು ಯಾವುದೋ ಒಂದು ದೀವಟಿಗೆಯನ್ನು ಹಿಡಿದು ಬಿಡುತ್ತಿತ್ತು. ಇಡೀ ಕಿರೀಟ ನನಗೆ ಕಾಣಲೇ ಇಲ್ಲ. ಮುಂದೆ ನಿಂತವನ ಹೆಗಲ ಮೇಲಿನ ಮಗು ಕಾಲಾಡಿಸುತ್ತಿತ್ತು. ಎಷ್ಟು ಕಂಡಿತೋ ಅಷ್ಟು. ಎರಡು ಉಸಿರಿನಷ್ಟು ಹೊತ್ತು. ಮಗುವಿನ ಅಪ್ಪ ಕಾಲು ಬದಲಿಸಿದ, ಅಷ್ಟರಲ್ಲಿ ದೇವರು ತಿರುವಿನಲ್ಲಿದ್ದ.

ನಾನು ಪಕ್ಕಕ್ಕೆ ತಿರುಗಿ, "ಎಷ್ಟಿರಬಹುದು ಆಚಾರ್ರೇ?" ಎಂದೆ.

ಅವರು ಕೈಮುಗಿದು ನಿಂತಿದ್ದರು. ಕಣ್ಣು ಮುಚ್ಚಿತ್ತು.

"ನೋಡಲೇ ಇಲ್ವಾ?"

"ನೋಡಿದ್ರೆ ತೂಕ ಬಂದ್ಬಿಡೋದು ಮೇಡಂ" ಎಂದರು ಆಚಾರ್ರು.

ಅವರ ಹೆಂಡತಿ ಕಲ್ಯಾಣಿಯ ಕಡೆಯ ಮೆಟ್ಟಿಲಲ್ಲಿ ಜಾಗ ಹಿಡಿದು ಪುಳಿಯೋಗರೆಯ ಪೊಟ್ಟಣ ಬಿಚ್ಚಿದ್ದರು. ಕಡಲೆಬೀಜ ಮೆತ್ತಗಾಗಿದೆ ಎಂದು ಬೈದುಕೊಳ್ಳುತ್ತ ಮೂರು ಎಲೆಗೆ ಹಾಕಿದರು.